ಗಂಟಿನ ಮೇಲಿನ ಹೆಸರು

1991ರ ಸೆಪ್ಟೆಂಬರ್. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನು ಬರೆದ ಆಪರೇಟಿಂಗ್ ಸಿಸ್ಟಂನ 0.01ನೇ ಆವೃತ್ತಿಯನ್ನು ಹಂಚಲು ಹೊರಟಿದ್ದ. ಅದಕ್ಕೆ ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹೆಸರು 'ಫ್ರಿಯಾಕ್ಸ್'. ಫ್ರೀ, ಫ್ರೀಕ್, ಜೊತೆಗೆ ಯುನಿಕ್ಸ್‌ನ ಕೊನೆಯ ಎಕ್ಸ್ ಸೇರಿಸಿದ ಕಲಬೆರಕೆ. 'ಲಿನಕ್ಸ್' ಎಂಬುದು ಅವನಿಗೂ ಹೊಳೆದಿತ್ತು, ಆದರೆ ಸ್ವಂತ ಹೆಸರನ್ನೇ ಇಟ್ಟುಕೊಳ್ಳುವುದು ಜಂಭ ಅನ್ನಿಸಿ ಬಿಟ್ಟಿದ್ದ. ಕಡತಗಳನ್ನು ಇಡಲು ಅವನಿಗೆ ಸರ್ವರಿನಲ್ಲಿ ಜಾಗ ಕೊಟ್ಟವನು ಆರಿ ಲೆಮ್ಕೆ, ಫಿನ್ಲೆಂಡಿನ ವಿಶ್ವವಿದ್ಯಾಲಯಗಳ ಜಾಲವಾದ ಫುನೆಟ್‌ನ ಎಫ್‌ಟಿಪಿ ಸರ್ವರ್ ನೋಡಿಕೊಳ್ಳುತ್ತಿದ್ದವರಲ್ಲಿ ಒಬ್ಬ. ಫ್ರಿಯಾಕ್ಸ್ ಎಂಬ ಹೆಸರು ಲೆಮ್ಕೆಗೆ ಹಿಡಿಸಲಿಲ್ಲ. ಯಾರನ್ನೂ ಕೇಳದೆ ಅವನು 'ಪಬ್' ಡೈರೆಕ್ಟರಿಯ ಒಳಗಿನ 'ಓಎಸ್' ಡೈರೆಕ್ಟರಿಯಲ್ಲಿ 'ಲಿನಕ್ಸ್' ಎಂಬ ಇನ್ನೊಂದನ್ನು ತೆರೆದ. ಕಡತಗಳನ್ನು ಇಳಿಸಿಕೊಳ್ಳಲು ಬಂದವರೆಲ್ಲ ಆ ಹೆಸರಿನ ಬಾಗಿಲಿನಿಂದಲೇ ಒಳಗೆ ಬಂದರು. ಕೂಸಿಗೆ ಹೆಸರಿಟ್ಟವನು ಹೆತ್ತವನಲ್ಲ, ತೊಟ್ಟಿಲು ಕೊಟ್ಟವನು.

ಡೈರೆಕ್ಟರಿ ಅಥವಾ ಫೋಲ್ಡರ್ ಎಂದರೆ ಬರೀ ಡಬ್ಬ, ಹೊರಗೆ ಏನು ಬರೆದರೂ ನಡೆಯುತ್ತದೆ ಎಂದುಕೊಳ್ಳುವವರೇ ಹೆಚ್ಚು. ನಿಮ್ಮ ಕಂಪ್ಯೂಟರಿನಲ್ಲಿ ನಿಮ್ಮ ಫೋಟೋಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಸಾಫ್ಟ್‌ವೇರಿನ ಮೂಲಪಠ್ಯ, ಅಂದರೆ ಸೋರ್ಸ್ ಕೋಡ್, ಬರೆದವರ ಕೈಬಿಟ್ಟು ನಿಮ್ಮ ಯಂತ್ರ ಸೇರುವಷ್ಟರಲ್ಲಿ ಹತ್ತಾರು ಕೈ ದಾಟುತ್ತದೆ. ಒಬ್ಬರು ಕಡತಗಳನ್ನೆಲ್ಲ ಒಂದಾಗಿ ಸೇರಿಸಿ ಗಂಟು ಕಟ್ಟುತ್ತಾರೆ, ಇನ್ನೊಬ್ಬರು ಬಿಚ್ಚಿ ತೇಪೆ ಹಾಕಿ ಮತ್ತೆ ಕಟ್ಟುತ್ತಾರೆ, ನಡುರಾತ್ರಿ ಯಾವುದೋ ಯಂತ್ರ ಮನುಷ್ಯರ ನೆರವಿಲ್ಲದೆ ಅದನ್ನು ಬಿಚ್ಚಿ ಕಂಪೈಲ್ ಮಾಡುತ್ತದೆ. ಈ ದಾರಿಯಲ್ಲಿ ಗಂಟಿನ ಹೆಸರನ್ನು ಮನುಷ್ಯರು ಓದುತ್ತಾರೆ, ಯಂತ್ರಗಳು ಬಿಡಿಸುತ್ತವೆ. ಓದುವುದು ಸುಲಭ. ಎಲ್ಲ ತಕರಾರು ಇರುವುದು ಬಿಡಿಸುವುದರಲ್ಲಿ.

ಮುಂದೆ ಹೋಗುವ ಮುನ್ನ ಒಂದು ಮಾತು. ಕಡತಗಳ ಹೆಸರುಗಳು ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ರೋಮನ್ ಲಿಪಿಯಲ್ಲಿರುತ್ತವೆ. ಇಲ್ಲಿ ಅವನ್ನು ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಅಕ್ಷರ ಎಣಿಸುವ ಸಂದರ್ಭ ಬಂದಾಗ ಮಾತ್ರ ರೋಮನ್ ಅಕ್ಷರಗಳ ಲೆಕ್ಕ ಹಿಡಿಯಿರಿ.

ಟೇಪು ಕಲಿಸಿದ ಪಾಠ

ಗಂಟು ಕಟ್ಟುವ ಅತಿ ಪ್ರಸಿದ್ಧ ಸಾಧನದ ಹೆಸರು 'ಟಾರ್'. ಟೇಪ್ ಆರ್ಕೈವ್ ಎಂಬುದರ ಮೊಟಕು ರೂಪ. 1979ರಲ್ಲಿ ಯುನಿಕ್ಸ್‌ನ ಏಳನೇ ಆವೃತ್ತಿಯ ಜೊತೆ ಬಂತು. ಆಗ ಕಡತಗಳ ಸಾಗಣೆ ನಡೆಯುತ್ತಿದ್ದುದು ಕಾಂತೀಯ ಟೇಪಿನ ಸುರುಳಿಗಳಲ್ಲಿ. 1985ರಲ್ಲಿ ರಿಚರ್ಡ್ ಸ್ಟಾಲ್‌ಮನ್ ತನ್ನ ಗ್ನೂ ಈಮ್ಯಾಕ್ಸ್ ತಂತ್ರಾಂಶವನ್ನು 150 ಡಾಲರಿಗೆ ಅಂಚೆಯಲ್ಲಿ ಕಳಿಸುತ್ತಿದ್ದುದೂ ಟೇಪಿನಲ್ಲೇ.

ಟೇಪಿನಲ್ಲಿ ಫೋಲ್ಡರಿನೊಳಗೆ ಫೋಲ್ಡರು ಎಂಬ ಮರದಂಥ ರಚನೆ ಸಾಧ್ಯವಿಲ್ಲ. ಅದೊಂದು ಉದ್ದನೆಯ ಪಟ್ಟಿ, ಎಲ್ಲವೂ ಒಂದರ ಹಿಂದೆ ಒಂದು ಬರಬೇಕು. ಹಾಗಾಗಿ ಟಾರ್ ಪ್ರತಿಯೊಂದು ಕಡತದ ಮುಂದೆಯೂ 512 ಬೈಟಿನ ಒಂದು ಚೀಟಿ ಅಂಟಿಸುತ್ತದೆ. ಆ ಚೀಟಿಯಲ್ಲಿ ಕಡತದ ಹೆಸರಿಗೆ 100 ಬೈಟುಗಳ ಜಾಗ. ಅಷ್ಟರಲ್ಲೇ ದಾರಿ ಸಮೇತ ಪೂರ್ತಿ ಹೆಸರು ಬರೆಯಬೇಕು: 'ಹಲೋ-2.10/ಎಸ್‌ಆರ್‌ಸಿ/ಹಲೋ.ಸಿ' ಎಂಬಂತೆ. ಅಂದರೆ ನಾವು ಮೇಲಿನ ಡೈರೆಕ್ಟರಿ ಎಂದುಕೊಳ್ಳುವ ವಸ್ತು ಗಂಟಿನ ಒಳಗೆ ಪೆಟ್ಟಿಗೆಯಾಗಿ ಇರುವುದೇ ಇಲ್ಲ. ಪ್ರತಿ ಕಡತದ ಹೆಸರಿನ ಮುಂದೆ ಮತ್ತೆ ಮತ್ತೆ ಬರುವ ಒಂದೇ ಅಕ್ಷರಸರಣಿ, ಮನೆಮಂದಿಯೆಲ್ಲ ತಮ್ಮ ಹೆಸರಿನ ಮುಂದೆ ಹಾಕಿಕೊಳ್ಳುವ ಊರಿನ ಹೆಸರಿನ ಹಾಗೆ.

ಆ ಹೆಸರನ್ನು ಹಾಕದೇ ಬಿಟ್ಟರೆ? ನೀವು ನಂಬಿಕೆಯಿಂದ ಗಂಟು ಬಿಚ್ಚುತ್ತೀರಿ. 300 ಕಡತಗಳು ನೀವು ನಿಂತ ಜಾಗದಲ್ಲೇ ಚೆಲ್ಲಾಪಿಲ್ಲಿಯಾಗಿ ಬೀಳುತ್ತವೆ. ಅಲ್ಲಿ ಮೊದಲೇ ನಿಮ್ಮದೊಂದು 'ರೀಡ್‌ಮಿ', ಒಂದು 'ಮೇಕ್‌ಫೈಲ್' ಇದ್ದರೆ ಹೊಸದು ಹಳೆಯದರ ಮೇಲೆ ಕೂತು ಅದನ್ನು ಅಳಿಸಿಬಿಡುತ್ತದೆ. ಯಾವುದು ನಿಮ್ಮದು, ಯಾವುದು ಗಂಟಿನಿಂದ ಬಂದದ್ದು ಎಂದು ಹೆಕ್ಕಿ ಬೇರೆ ಮಾಡುವುದು ರಾಗಿಗೆ ಬೆರೆತ ಸಾಸಿವೆ ಆರಿಸುವ ಕೆಲಸ. ಈ ಅಪರಾಧಕ್ಕೆ ಕಂಪ್ಯೂಟರ್ ಮಂದಿ ಇಟ್ಟ ಹೆಸರು 'ಟಾರ್‌ಬಾಂಬ್'.

ಇದಕ್ಕೆ ಮದ್ದಾಗಿ ಗ್ನೂ ಯೋಜನೆ ತನ್ನ ಸಂಹಿತೆಯಲ್ಲಿ ಒಂದು ಸರಳ ನಿಯಮ ಬರೆದಿಟ್ಟಿತು. ಗಂಟಿನ ಹೊರಗೆ ತಂತ್ರಾಂಶದ ಹೆಸರು, ಹೈಫನ್, ಆವೃತ್ತಿ ಸಂಖ್ಯೆ. ಬಿಚ್ಚಿದಾಗ ಅದೇ ಹೆಸರಿನ ಒಂದೇ ಒಂದು ಡೈರೆಕ್ಟರಿ, ಉಳಿದದ್ದೆಲ್ಲ ಅದರೊಳಗೆ. ಗ್ನೂ ಬಳಗದ ಒಂದು ಪುಟ್ಟ ತಂತ್ರಾಂಶ 'ಹಲೋ'. ನಮಸ್ಕಾರ ಹೇಳುವುದಷ್ಟೇ ಅದರ ಕೆಲಸ, ಪ್ಯಾಕೇಜ್ ಕಟ್ಟಲು ಕಲಿಯುವವರೆಲ್ಲ ಕೈ ಪಳಗಿಸುವುದು ಅದರ ಮೇಲೆ. ಅದರ ಗಂಟು 'ಹಲೋ-2.10.ಟಾರ್.ಜಿಝಡ್'. ಬಿಚ್ಚಿದರೆ 'ಹಲೋ-2.10'. ಹೊರಗಿನ ಚೀಟಿ ನೋಡಿಯೇ ಒಳಗೇನಿದೆ ಎಂದು ಹೇಳಬಹುದು. 2.9 ಮತ್ತು 2.10 ಎರಡನ್ನೂ ಒಂದೇ ಜಾಗದಲ್ಲಿ ಬಿಚ್ಚಿದರೂ ಒಂದರ ಮೇಲೊಂದು ಬೀಳುವುದಿಲ್ಲ.

ಇಷ್ಟು ಸಲೀಸಾದ ನಿಯಮ ಮೊದಲೇ ಏಕೆ ಬರಲಿಲ್ಲ? ಒಂದು ಕಾರಣವನ್ನು ಬೆರಳೆಣಿಸಿಯೇ ತಿಳಿಯಬಹುದು. ಏಳನೇ ಯುನಿಕ್ಸ್‌ನಲ್ಲಿ ಒಂದು ಕಡತದ ಹೆಸರು ಹೆಚ್ಚೆಂದರೆ 14 ಅಕ್ಷರ. 'ಹಲೋ-2.10' ಎಂಬುದು ರೋಮನ್ ಲಿಪಿಯಲ್ಲಿ 10 ಅಕ್ಷರ, '.ಟಾರ್' ಸೇರಿದರೆ ಸರಿಯಾಗಿ 14, ಸಂಕುಚಿಸಿದ್ದಕ್ಕೆ ಗುರುತಾಗಿ '.ಜಿಝಡ್' ಹಚ್ಚಿದರೆ 17. ಐದಕ್ಷರದ ಹಲೋಗೇ ಜಾಗ ಸಾಲದು. 1983ರಲ್ಲಿ ಬರ್ಕ್ಲಿಯ 4.2ಬಿಎಸ್‌ಡಿ ಈ ಮಿತಿಯನ್ನು 255ಕ್ಕೆ ಏರಿಸಿತು. ಹೆಸರಿನೊಳಗೆ ಆವೃತ್ತಿಯನ್ನೂ ಸೇರಿಸುವಷ್ಟು ಜಾಗ ಸಿಕ್ಕಿದ್ದು ಅಂಥ ಬದಲಾವಣೆಗಳಿಂದ.

ಮೇಲಿನ ಡೈರೆಕ್ಟರಿ ಬರಿಯ ಅಕ್ಷರಸರಣಿ ಎಂಬುದು ಇಂದಿಗೂ ಎಡವಿಸುತ್ತದೆ. ಗಿಟ್ ಎಂಬ ಸಾಧನದಿಂದ ಗಂಟು ಕಟ್ಟುವಾಗ ಹೆಸರಿನ ಮುಂದೆ ಏನು ಸೇರಿಸಬೇಕು ಎಂದು ಹೇಳಬಹುದು. 'ಹಲೋ-2.10/' ಎಂದು ಕೊನೆಗೆ ಓರೆಗೆರೆ ಹಾಕಿ ಹೇಳಿದರೆ ಡೈರೆಕ್ಟರಿ ಸಿಗುತ್ತದೆ. ಓರೆಗೆರೆ ಮರೆತರೆ ಗಿಟ್ ಬೇಸರಿಸದೆ 'ಹಲೋ-2.10ರೀಡ್‌ಮಿ', 'ಹಲೋ-2.10ಮೇಕ್‌ಫೈಲ್' ಎಂದು ಎಲ್ಲ ಕಡತಗಳಿಗೂ ಅಂಟಿಸಿ ಕೊಡುತ್ತದೆ. ಟಾರ್‌ಬಾಂಬಿನ ಜೊತೆಗೆ ವಿಚಿತ್ರ ಹೆಸರುಗಳೂ ಉಚಿತ.

ಇನ್ನೊಂದು ವಿಚಿತ್ರವೆಂದರೆ, ಡೈರೆಕ್ಟರಿಯಿಂದಲೇ ಹೆಸರು ಪಡೆದ ಲಿನಕ್ಸ್ ಈ ನಿಯಮಕ್ಕೆ ತಡವಾಗಿ ತಲೆಬಾಗಿತು. 2.4 ಸರಣಿಯ ಮೊದಲ ಹಲವು ಆವೃತ್ತಿಗಳವರೆಗೂ ಅದರ ತಿರುಳಾದ ಕರ್ನಲ್‌ನ ಗಂಟು ಬಿಚ್ಚಿದರೆ ಬರುತ್ತಿದ್ದುದು ಬರೀ 'ಲಿನಕ್ಸ್' ಎಂಬ ಡೈರೆಕ್ಟರಿ, ಆವೃತ್ತಿ ಸಂಖ್ಯೆಯ ಸುಳಿವಿಲ್ಲ. ಹಳೆಯದನ್ನು ಪಕ್ಕಕ್ಕೆ ಸರಿಸದೆ ಹೊಸದನ್ನು ಬಿಚ್ಚಿದರೆ ಎರಡೂ ಬೆರೆತುಹೋಗುತ್ತಿದ್ದವು.

ಬಿಡಿಸಿ ಬರೆಯಿರಿ

ಶಾಲೆಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ 'ಬಿಡಿಸಿ ಬರೆಯಿರಿ' ಎಂಬ ಪ್ರಶ್ನೆ ಇದ್ದೇ ಇರುತ್ತದೆ. 'ಮಳೆಗಾಲ' ಎಂದು ಕೊಟ್ಟರೆ 'ಮಳೆ + ಕಾಲ' ಎಂದು ನಾವು ಬರೆಯುತ್ತೇವೆ, 'ಮಳೆ + ಗಾಲ' ಎಂದಲ್ಲ. ಭಾಷೆ ಗೊತ್ತಿರುವುದರಿಂದ ಎಲ್ಲಿ ಕತ್ತರಿಸಬೇಕು, ಕತ್ತರಿಸಿದ ಮೇಲೆ ಏನನ್ನು ಸರಿಪಡಿಸಬೇಕು ಎಂಬುದು ಹೊಳೆಯುತ್ತದೆ. ಭಾಷೆ ಗೊತ್ತಿಲ್ಲದ ಯಂತ್ರಕ್ಕೆ ಕತ್ತರಿ ಕೊಟ್ಟರೆ?

ಆ ಕತ್ತರಿ ಯಂತ್ರದ ಕೈಗೆ ಬಂದದ್ದು 1990ರ ದಶಕದಲ್ಲಿ. 1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು ಶುರುಮಾಡಿದರು. ಪ್ರೇಯಸಿ ಡೆಬ್ರಾಳ ಹೆಸರಿಗೆ ತಮ್ಮ ಹೆಸರು ಕೂಡಿಸಿದ ಸಮಾಸವೇ ಆ ಪದ. 1995ರಲ್ಲಿ ಅಮೆರಿಕದ ರೆಡ್ ಹ್ಯಾಟ್ ಕಂಪನಿಯಿಂದ ಆರ್‌ಪಿಎಂ ಬಂತು. ಸಾವಿರಾರು ತಂತ್ರಾಂಶಗಳ ಗಂಟುಗಳನ್ನು ತಂದು, ಬಿಚ್ಚಿ, ಕಂಪೈಲ್ ಮಾಡಿ, ಒಂದೇ ಮಾದರಿಯ ಪ್ಯಾಕೇಜುಗಳಾಗಿ ಕಟ್ಟಿಕೊಡುವುದು ಇವುಗಳ ಕೆಲಸ. ಮನುಷ್ಯನಾದರೆ ಗಂಟು ಬಿಚ್ಚಿ, ಯಾವ ಡೈರೆಕ್ಟರಿ ಬಂತು ಎಂದು ನೋಡಿ ಒಳಗೆ ಹೋಗುತ್ತಾನೆ. ಆರ್‌ಪಿಎಂ ನೋಡುವುದಿಲ್ಲ, ಊಹಿಸುತ್ತದೆ. ಬೇರೇನೂ ಹೇಳದಿದ್ದರೆ ಅದು ಹೆಸರು-ಹೈಫನ್-ಆವೃತ್ತಿ ಎಂಬ ಡೈರೆಕ್ಟರಿ ಇದ್ದೇ ಇರುತ್ತದೆಂದು ಭಾವಿಸಿ ಅದರೊಳಗೆ ಕಾಲಿಡಲು ನೋಡುತ್ತದೆ. ಮೂಲ ಲೇಖಕರು ಬೇರೆ ಹೆಸರು ಇಟ್ಟಿದ್ದರೆ 'ಅಂಥ ಡೈರೆಕ್ಟರಿ ಇಲ್ಲ' ಎಂಬ ಒಂದು ಸಾಲು ಹೇಳಿ ಕೆಲಸ ನಿಲ್ಲಿಸುತ್ತದೆ. ಪ್ಯಾಕೇಜ್ ಕಟ್ಟುವ ಕೆಲಸಕ್ಕೆ ಹೊಸದಾಗಿ ಇಳಿದವರು ಮೊದಮೊದಲು ಕಾಣುವ ದೋಷಗಳಲ್ಲಿ ಇದೂ ಒಂದು. ಶಿಷ್ಟಾಚಾರವಾಗಿ ಹುಟ್ಟಿದ ಪದ್ಧತಿ ಇಲ್ಲಿ ಯಂತ್ರದ ಭಾಗವೇ ಆಗಿಹೋಯಿತು.

ಊಹೆ ಸುಲಭ, ಏಕೆಂದರೆ ಅಲ್ಲಿ ಎರಡು ತುಂಡುಗಳನ್ನು ಕೂಡಿಸಬೇಕು. ತಿರುಗಿ ಬಿಡಿಸುವುದು ಕಷ್ಟ. ಎಕ್ಸ್ ವಿಂಡೋ ವ್ಯವಸ್ಥೆಯ ಒಂದು ಅಕ್ಷರಶೈಲಿಯ ಗಂಟು 'ಫಾಂಟ್-ಅಡೋಬಿ-100ಡಿಪಿಐ-1.0.3'. ಇದರಲ್ಲಿ ಹೆಸರು ಯಾವುದು, ಆವೃತ್ತಿ ಯಾವುದು? ಹೆಸರಿನಲ್ಲೇ ಎರಡು ಹೈಫನ್ ಇವೆ. ಮೊದಲ ಹೈಫನ್ನಿಗೆ ಕತ್ತರಿಸಿದರೆ ಬರೀ 'ಫಾಂಟ್' ಉಳಿಯುತ್ತದೆ. ಅಂಕಿಯ ಹಿಂದಿನ ಹೈಫನ್ನಿಗೆ ಕತ್ತರಿಸೋಣ ಎಂದರೆ 'ಫಾಂಟ್-ಅಡೋಬಿ' ಎಂಬ ತಂತ್ರಾಂಶದ '100ಡಿಪಿಐ-1.0.3' ಎಂಬ ಆವೃತ್ತಿ ಸಿಗುತ್ತದೆ! ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರು ಯಾವುದು, ತಂದೆ ಯಾರು, ಕವಿ ಯಾರು ಎಂದು ನಮಗೆ ಗೊತ್ತು. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡೇ ಖಾನೆಗಳಿರುವ ಅರ್ಜಿಗೆ ಗೊತ್ತಿಲ್ಲ. ಅದು ಊರನ್ನೇ ಕವಿಯೆಂದು ಬರೆದುಕೊಳ್ಳುತ್ತದೆ.

ಈ ತೊಡಕನ್ನು ಬೇರೆ ಬೇರೆ ಬಳಗಗಳು ಬೇರೆ ಬೇರೆ ರೀತಿಯಲ್ಲಿ ಬಿಡಿಸಿದವು.

ಆರ್‌ಪಿಎಂ ಓದುವ ದಿಕ್ಕನ್ನು ತಿರುಗಿಸಿತು. ಅದರ ಪ್ಯಾಕೇಜಿನ ಹೆಸರು ಮೂರು ಭಾಗಗಳದು: ಹೆಸರು, ಆವೃತ್ತಿ, ಮತ್ತು ಅದೇ ಆವೃತ್ತಿಯನ್ನು ಎಷ್ಟನೆಯ ಸಲ ಕಟ್ಟಿದ್ದು ಎಂಬ ಸಂಖ್ಯೆ. ಹೆಸರಿನಲ್ಲಿ ಎಷ್ಟು ಹೈಫನ್ ಬೇಕಾದರೂ ಇರಲಿ, ಉಳಿದೆರಡರಲ್ಲಿ ಒಂದೂ ಇರಕೂಡದು. ಈಗ ಬಲಗಡೆಯಿಂದ ಎಣಿಸಿದರೆ ಎರಡು ಹೈಫನ್ನುಗಳಲ್ಲಿ ಕೆಲಸ ಮುಗಿಯಿತು. ಎಡಕ್ಕೆ ಉಳಿದದ್ದೆಲ್ಲ ಹೆಸರು.

ಡೆಬಿಯನ್ ಒಂದು ಅಕ್ಷರವನ್ನೇ ಮೀಸಲಿಟ್ಟಿತು. ಅಲ್ಲಿ ಪ್ಯಾಕೇಜಿನ ಹೆಸರಿನಲ್ಲಿ ಸಣ್ಣಕ್ಷರಗಳು, ಅಂಕಿಗಳು, ಕೂಡಿಸು ಚಿಹ್ನೆ, ಹೈಫನ್ ಮತ್ತು ಚುಕ್ಕಿಗೆ ಮಾತ್ರ ಪ್ರವೇಶ. ಅಂಡರ್‌ಸ್ಕೋರ್ ಎಂಬ ಅಡಿಗೆರೆ ಹೆಸರಿನಲ್ಲೂ ಬರುವಂತಿಲ್ಲ, ಆವೃತ್ತಿಯಲ್ಲೂ ಬರುವಂತಿಲ್ಲ. ಹಾಗಾಗಿ ಎರಡರ ನಡುವೆ ಬೇಲಿ ಹಾಕಲು ಅದು ಸಿದ್ಧವಾಗಿ ಸಿಕ್ಕಿತು. ನಮ್ಮ ಹಲೋ ಅಲ್ಲಿ 'ಹಲೋ_2.10.ಒರಿಜ್.ಟಾರ್.ಜಿಝಡ್' ಆಗುತ್ತದೆ. ಡೆಬಿಯನ್‌ನವರ ತೇಪೆಗಳೆಲ್ಲ 'ಹಲೋ_2.10-3' ಎಂಬ ಇನ್ನೊಂದು ಗಂಟಿನಲ್ಲಿ. ಎರಡನ್ನೂ ಕೂಡಿಸಿ ಬಿಚ್ಚಿದಾಗ ಮಾತ್ರ ತಯಾರಾಗುವ ಡೈರೆಕ್ಟರಿ 'ಹಲೋ-2.10', ಅಡಿಗೆರೆ ಹೋಗಿ ಹೈಫನ್ ಬಂತು. ಕಡತಕ್ಕೆ ಮನೆಯ ಕಟ್ಟಳೆ, ಡೈರೆಕ್ಟರಿಗೆ ಊರ ರೂಢಿ. ಬಿಡಿಸುವ ಕೆಲಸವೆಲ್ಲ ಕಡತದ ಹೆಸರಿನ ಮೇಲೆ ನಡೆಯುವುದರಿಂದ ಡೈರೆಕ್ಟರಿಯನ್ನು ಹಳೆಯ ಪದ್ಧತಿಗೆ ಬಿಟ್ಟುಕೊಟ್ಟರೆ ನಷ್ಟವೇನೂ ಇಲ್ಲ.

ಪೈಥಾನ್ ಬಳಗದ ದಾರಿ ಮೂರನೆಯದು, ಹೆಸರನ್ನೇ ಬದಲಿಸುವುದು. ಅಲ್ಲಿ ಹೈಫನ್, ಅಂಡರ್‌ಸ್ಕೋರ್, ಚುಕ್ಕಿ ಮೂರೂ ಒಂದೇ ಎಂದು ಮೊದಲೇ ತೀರ್ಮಾನವಾಗಿತ್ತು. 2022ರಲ್ಲಿ ಒಪ್ಪಿಕೊಂಡ ನಿಯಮದ ಪ್ರಕಾರ, ಮೂಲಪಠ್ಯದ ಗಂಟು ಕಟ್ಟುವಾಗ ಹೆಸರಿನೊಳಗಿನ ಹೈಫನ್ನುಗಳೆಲ್ಲ ಅಂಡರ್‌ಸ್ಕೋರ್ ಆಗಬೇಕು. ಆಗ ಉಳಿಯುವ ಮೊದಲ ಹೈಫನ್ ಹೆಸರಿಗೂ ಆವೃತ್ತಿಗೂ ನಡುವಿನದೇ ಆಗಿರಲೇಬೇಕು. ಡೆಬಿಯನ್‌ನಲ್ಲಿ ಬೇಲಿಯಾಗಿದ್ದ ಗೆರೆ ಇಲ್ಲಿ ಹೆಸರಿನ ಒಳಗೆ ಬಂತು, ಹೆಸರಿನ ಒಳಗಿದ್ದ ಗೆರೆ ಬೇಲಿಯಾಯಿತು. ಎರಡೂ ಸರಿ. ಯಾವ ಚಿಹ್ನೆ ಎಂಬುದಕ್ಕಿಂತ, ಒಂದು ಚಿಹ್ನೆಗೆ ಒಂದೇ ಕೆಲಸ ಎಂಬುದು ಮುಖ್ಯ.

ಒಂಬತ್ತು ದೊಡ್ಡದೋ ಹತ್ತು ದೊಡ್ಡದೋ

ಹೈಫನ್ನಿನ ಬಲಕ್ಕಿರುವ ಅಂಕಿಗಳೂ ಸಾಧುಗಳಲ್ಲ. 'ಹಲೋ-2.9' ಮತ್ತು 'ಹಲೋ-2.10' ಡೈರೆಕ್ಟರಿಗಳನ್ನು ಅಕಾರಾದಿಯಾಗಿ ಜೋಡಿಸಿದರೆ 2.10 ಮೊದಲು ಬರುತ್ತದೆ, ಏಕೆಂದರೆ ಒಂದು ಎಂಬ ಅಂಕಿ ಒಂಬತ್ತಕ್ಕಿಂತ ಮುಂಚಿನದು. ಹೊಸದು ಯಾವುದು ಎಂದು ಕೇಳಿದರೆ ಯಂತ್ರ ಪಟ್ಟಿಯ ಕೊನೆಯಲ್ಲಿರುವ 2.9ರ ಕಡೆಗೆ ಬೆರಳು ತೋರುತ್ತದೆ. ಹಾಗಾಗಿ ಪ್ಯಾಕೇಜ್ ಸಾಧನಗಳು ಆವೃತ್ತಿಯನ್ನು ಚುಕ್ಕಿಗಳಲ್ಲಿ ತುಂಡರಿಸಿ ಪ್ರತಿ ತುಂಡನ್ನೂ ಪೂರ್ಣ ಸಂಖ್ಯೆಯಾಗಿ ಹೋಲಿಸುತ್ತವೆ. ಹತ್ತು ಒಂಬತ್ತಕ್ಕಿಂತ ದೊಡ್ಡದು, ಸಮಸ್ಯೆ ಮುಗಿಯಿತು ಅನ್ನುವಷ್ಟರಲ್ಲಿ ಪರ್ಲ್ ಭಾಷೆಯವರು ಬರುತ್ತಾರೆ. ಅವರ ಹಳೆಯ ರೂಢಿಯಲ್ಲಿ ಆವೃತ್ತಿ ಎಂದರೆ ದಶಮಾಂಶ ಸಂಖ್ಯೆ. ಅಲ್ಲಿ 1.10 ಎಂದರೆ 1.1, ಅದು 1.9ಕ್ಕಿಂತ ಚಿಕ್ಕದು. ಒಂದೇ ಬರಹ, ಎರಡು ಗಣಿತ.

ಡೊನಾಲ್ಡ್ ಕ್ನೂತ್ ಎಲ್ಲರಿಗಿಂತ ಭಿನ್ನ. ಅವರ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶದ ಆವೃತ್ತಿ ಪೈ ಸಂಖ್ಯೆಯ ಕಡೆಗೆ ಸಾಗುತ್ತದೆ. ಪ್ರತಿ ತಿದ್ದುಪಡಿಗೆ ಒಂದೊಂದು ಅಂಕಿ ಹೆಚ್ಚು. 2021ರಲ್ಲಿ ಅದು 3.141592653 ತಲುಪಿತು. ತಾವು ತೀರಿಕೊಂಡ ಮೇಲೆ ಆವೃತ್ತಿ ಪೈ ಎಂದೇ ಆಗಬೇಕು, ಆಮೇಲೆ ಯಾರೂ ಅದನ್ನು ಮುಟ್ಟಬಾರದು ಎಂಬುದು ಕ್ನೂತ್ ಇಚ್ಛೆ.

ಬಿಡುಗಡೆಗೆ ಮೊದಲಿನ ಪರೀಕ್ಷಾ ಆವೃತ್ತಿಗಳದು ಮತ್ತೊಂದು ತಕರಾರು. 1.0ರ ಪರೀಕ್ಷಾ ಪ್ರತಿಯನ್ನು '1.0ಆರ್‌ಸಿ1' ಎಂದು ಕರೆದರೆ ಅಕ್ಷರಗಳು ಹೆಚ್ಚಿರುವುದರಿಂದ ಯಂತ್ರ ಅದನ್ನು 1.0ಕ್ಕಿಂತ ಹೊಸದು ಎಂದುಕೊಳ್ಳುತ್ತದೆ. ನಿಜವಾದ 1.0 ಬಂದಾಗ ಬಳಕೆದಾರರಿಗೆ ತಲುಪುವುದೇ ಇಲ್ಲ. ಡೆಬಿಯನ್ ಇದಕ್ಕೆ ಟಿಲ್ಡೆ ಎಂಬ ಅಲೆಗೆರೆಯನ್ನು ಬಳಸಿಕೊಂಡಿತು. ಹೋಲಿಸುವಾಗ ಅಲೆಗೆರೆ ಎಲ್ಲಕ್ಕಿಂತ ಚಿಕ್ಕದು, ಖಾಲಿಗಿಂತಲೂ ಚಿಕ್ಕದು. '1.0~ಆರ್‌ಸಿ1' ಎಂದು ಬರೆದರೆ ಅದು 1.0ಕ್ಕೆ ಮೊದಲು ಬಂದು ನಿಲ್ಲುತ್ತದೆ. ಮುಂದೆ ಆರ್‌ಪಿಎಂ ಕೂಡ ಈ ಉಪಾಯವನ್ನು ಎರವಲು ಪಡೆಯಿತು. ಇನ್ನು ಮೂಲ ಲೇಖಕರು ಸಂಖ್ಯೆಯ ಕ್ರಮವನ್ನೇ ಬದಲಿಸಿ ಚಿಕ್ಕದರಿಂದ ಶುರುಮಾಡಿದರೆ, ಮುಂದೆ ಒಂದು ಅಂಕಿ ಮತ್ತು ಕೋಲನ್ ಹಾಕಿ ಹೊಸ ಶಕೆ ಆರಂಭಿಸುವ ಅವಕಾಶವಿದೆ. ವಿಮ್ ಎಂಬ ಎಡಿಟರಿನ ಆವೃತ್ತಿ ಡೆಬಿಯನ್ ದಾಖಲೆಯಲ್ಲಿ '2:' ಎಂದು ಶುರುವಾಗುತ್ತದೆ, ಎರಡನೇ ಶಕೆ ಎಂಬಂತೆ. ಆದರೆ ಕಡತದ ಹೆಸರಿನಲ್ಲಿ ಮಾತ್ರ ಈ ಶಕೆಯನ್ನು ಕೈಬಿಡುತ್ತಾರೆ. ದಾಖಲೆಯಲ್ಲಿ ಇರಬೇಕಾದ್ದೆಲ್ಲ ಚೀಟಿಯ ಮೇಲೆ ಇರಬೇಕಾಗಿಲ್ಲ.

ದೊಡ್ಡಕ್ಷರದ ಕಾಟ

ಕನ್ನಡದಲ್ಲಿ ಓದುಬರಹ ಕಲಿತವರಿಗೆ ದೊಡ್ಡಕ್ಷರ, ಚಿಕ್ಕಕ್ಷರದ ಕಾಟ ಗೊತ್ತಿಲ್ಲ. 'ಅ' ಎಲ್ಲಿ ಬಂದರೂ 'ಅ'. ರೋಮನ್ ಲಿಪಿಯ ಎರಡು ರೂಪಗಳನ್ನು ಯುನಿಕ್ಸ್ ಎರಡು ಬೇರೆ ಅಕ್ಷರಗಳೆಂದು ಎಣಿಸುತ್ತದೆ. ಹಳೆಯ ಪಟ್ಟಿಗಳಲ್ಲಿ ದೊಡ್ಡಕ್ಷರಗಳು ಮೊದಲು ಬರುತ್ತಿದ್ದವು. 'ರೀಡ್‌ಮಿ'ಯನ್ನು ಪೂರ್ತಿ ದೊಡ್ಡಕ್ಷರದಲ್ಲಿ, 'ಮೇಕ್‌ಫೈಲ್' ಅನ್ನು ದೊಡ್ಡ 'ಎಂ' ಹಾಕಿ ಬರೆದರೆ ಅವು ಪಟ್ಟಿಯ ನೆತ್ತಿಯ ಮೇಲೆ ಕಾಣುತ್ತಿದ್ದವು. ಬಂದವರ ಕಣ್ಣಿಗೆ ಮೊದಲು ಬೀಳಲಿ ಎಂಬ ಉಪಾಯ ಅದು.

ಮ್ಯಾಕ್ ಮತ್ತು ವಿಂಡೋಸ್ ಸಾಮಾನ್ಯವಾಗಿ ಈ ಭೇದವನ್ನು ಲೆಕ್ಕಿಸುವುದಿಲ್ಲ. ಲಿನಕ್ಸ್ ಕರ್ನಲ್‌ನ ಮೂಲಪಠ್ಯದಲ್ಲಿ ದೊಡ್ಡಕ್ಷರ-ಚಿಕ್ಕಕ್ಷರದಲ್ಲಿ ಮಾತ್ರ ಬೇರೆಯಾಗಿರುವ ಕಡತಗಳ ಜೋಡಿಗಳಿವೆ. ಸಾಮಾನ್ಯ ಮ್ಯಾಕ್‌ನಲ್ಲಿ ಆ ಗಂಟು ಬಿಚ್ಚಿದರೆ ಜೋಡಿಯಲ್ಲಿ ಒಂದು ಇನ್ನೊಂದನ್ನು ನುಂಗುತ್ತದೆ. ಡೆಬಿಯನ್ ಹೆಸರುಗಳಲ್ಲಿ ದೊಡ್ಡಕ್ಷರವನ್ನೇ ನಿಷೇಧಿಸಿ ಇದರಿಂದ ಪಾರಾಯಿತು. ಗೋ ಭಾಷೆಯ ಸಾಧನ, ಇಳಿಸಿಕೊಂಡ ಮೂಲಪಠ್ಯವನ್ನು ಡೈರೆಕ್ಟರಿಯಲ್ಲಿ ಇಡುವಾಗ ಪ್ರತಿ ದೊಡ್ಡಕ್ಷರವನ್ನೂ ಆಶ್ಚರ್ಯಸೂಚಕ ಚಿಹ್ನೆ ಹಾಗೂ ಚಿಕ್ಕಕ್ಷರವಾಗಿ ಬದಲಿಸುತ್ತದೆ. ಕಾಣಲು ಕೆಟ್ಟದಾಗಿದೆ, ಆದರೆ ಯಾವ ಯಂತ್ರದಲ್ಲೂ ಎಡವುವುದಿಲ್ಲ.

ಹೆಸರನ್ನು ನಂಬಬಹುದೇ

ಇಂದು ಎಷ್ಟೋ ಗಂಟುಗಳನ್ನು ಮನುಷ್ಯರು ಕಟ್ಟುವುದಿಲ್ಲ. ಮೂಲಪಠ್ಯಗಳನ್ನು ಇಡುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಲೇಖಕರು 'ವಿ1.2' ಎಂದು ಒಂದು ಗುರುತು ಹಚ್ಚಿದರೆ ಸಾಕು, ಯಾರಾದರೂ ಕೇಳಿದಾಗ ಗಂಟು ತಾನಾಗಿ ತಯಾರಾಗುತ್ತದೆ. ಹಳೆಯ ಪದ್ಧತಿಗೆ ಗೌರವ ಕೊಟ್ಟು, ಒಳಗಿನ ಡೈರೆಕ್ಟರಿಯ ಹೆಸರಿನಲ್ಲಿ ಮುಂದಿನ 'ವಿ'ಯನ್ನು ತೆಗೆದು '1.2' ಎಂದಷ್ಟೇ ಇಡುತ್ತದೆ. ಗುರುತಿಲ್ಲದ ಯಾವುದೋ ಒಂದು ದಿನದ ಸ್ಥಿತಿಯನ್ನು ಕೇಳಿದರೆ ಆವೃತ್ತಿಯ ಜಾಗದಲ್ಲಿ 40 ಅಕ್ಷರದ ಹ್ಯಾಶ್ ಬರುತ್ತದೆ. ಹ್ಯಾಶ್ ಎಂದರೆ ಒಳಗಿನ ಬೈಟುಗಳನ್ನೆಲ್ಲ ಅರೆದು ಹಿಂಡಿ ತೆಗೆದ ಬೆರಳಚ್ಚು.

ತಾನಾಗಿ ಆಗುವುದರ ಅಪಾಯ 2023ರ ಜನವರಿ 30ರಂದು ಕಂಡಿತು. ಗಿಟ್‌ಹಬ್ ತನ್ನ ಒಳಗಿನ ಗಿಟ್ ಸಾಧನವನ್ನು ಹೊಸದಾಗಿಸಿತು. ಆ ಹೊಸ ಗಿಟ್ ಸಂಕುಚಿಸಲು ಬೇರೆ ವಿಧಾನ ಬಳಸುತ್ತಿತ್ತು. ಗಂಟುಗಳ ಹೆಸರು ಅದೇ, ಬಿಚ್ಚಿದರೆ ಡೈರೆಕ್ಟರಿ ಅದೇ, ಕಡತಗಳೂ ಅವೇ. ಆದರೆ ಕಟ್ಟಿದ ಗಂಟಿನ ಬೈಟುಗಳು ಬದಲಾಗಿದ್ದವು. ಗಂಟಿನ ಬೆರಳಚ್ಚನ್ನು ಮೊದಲೇ ಬರೆದಿಟ್ಟುಕೊಂಡು ತಾಳೆ ನೋಡುತ್ತಿದ್ದ ಸಾಧನಗಳೆಲ್ಲ ಒಮ್ಮೆಗೇ 'ಇದು ನಕಲಿ' ಎಂದು ಕೂಗಿದವು. ಕೆಲವೇ ಗಂಟೆಗಳಲ್ಲಿ ಬದಲಾವಣೆಯನ್ನು ಹಿಂತೆಗೆದುಕೊಳ್ಳಬೇಕಾಯಿತು.

ಹೆಸರು ಒಳಗಿನದಕ್ಕೆ ಸಾಕ್ಷಿಯಲ್ಲ ಎಂಬುದನ್ನು ತೀರ ಗಂಭೀರವಾಗಿ ತೆಗೆದುಕೊಂಡವರು ನಿಕ್ಸ್ ಬಳಗದವರು. ನೆದರ್ಲೆಂಡ್ಸ್‌ನ ಯುಟ್ರೆಕ್ಟ್‌ನಲ್ಲಿ ಎಲ್ಕೊ ಡೋಲ್‌ಸ್ಟ್ರಾ 2003ರಲ್ಲಿ ಶುರುಮಾಡಿದ ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ಡೈರೆಕ್ಟರಿಯ ಹೆಸರೂ 32 ಅಕ್ಷರದ ಬೆರಳಚ್ಚಿನಿಂದ ಶುರುವಾಗುತ್ತದೆ. ಅದನ್ನು ಕಟ್ಟಲು ಏನೇನು ಬಳಸಿದರೋ ಅದೆಲ್ಲದರಿಂದ ಲೆಕ್ಕ ಹಾಕಿದ ಬೆರಳಚ್ಚು ಅದು. ಹಲೋ-2.10 ಎಂಬ ಹೆಸರು ಅದರ ಹಿಂದೆ ಬರುತ್ತದೆ, ಮನುಷ್ಯರ ಅನುಕೂಲಕ್ಕೆ ಮಾತ್ರ. ಈ ಬೆರಳಚ್ಚಿನಲ್ಲಿ ನಾಲ್ಕು ರೋಮನ್ ಅಕ್ಷರಗಳಿಗೆ ಜಾಗವಿಲ್ಲ: ಇ, ಓ, ಯು, ಟಿ. ಆಕಸ್ಮಿಕವಾಗಿ ಬೈಗುಳಗಳು ಮೂಡದಿರಲಿ ಎಂಬ ಮುಂಜಾಗ್ರತೆ. ಅರ್ಥವಿಲ್ಲದ ಹೆಸರು ಬೇಕೆಂದು ಹೊರಟವರೂ ಅರ್ಥಕ್ಕೆ ಹೆದರಿದರು. ಇನ್ನು ಗಿಟ್‌ಹಬ್‌ನಿಂದ ತಂದ ಮೂಲಪಠ್ಯದ ಡೈರೆಕ್ಟರಿಗೆ ನಿಕ್ಸ್ ಸಾಮಾನ್ಯವಾಗಿ ಇಡುವ ಹೆಸರು ಬರೀ 'ಸೋರ್ಸ್'. ಗುರುತಿನ ಭಾರವನ್ನೆಲ್ಲ ಬೆರಳಚ್ಚು ಹೊತ್ತ ಮೇಲೆ ಹೆಸರು ಮತ್ತೆ ಹಳೆಯ 'ಲಿನಕ್ಸ್' ಡೈರೆಕ್ಟರಿಯಷ್ಟೇ ಹಗುರವಾಯಿತು.

ಕನ್ನಡಕ್ಕೆ ಮೂರು ಹೆಸರು

ಇಷ್ಟೆಲ್ಲ ಕಟ್ಟಳೆಗಳ ನಡುವೆ ಕನ್ನಡ ಎಲ್ಲಿದೆ ಎಂದು ಡೆಬಿಯನ್ ಭಂಡಾರದಲ್ಲಿ ಹುಡುಕಿದರೆ ಮೂರು ಹೆಸರು ಸಿಗುತ್ತವೆ. ಲಿಬ್ರೆಆಫೀಸಿನ ಕನ್ನಡ ಅನುವಾದದ ಪ್ಯಾಕೇಜಿನ ಕೊನೆಯಲ್ಲಿ 'ಕೆಎನ್' ಇದೆ, ಭಾಷೆಗಳಿಗೆ ಕೊಟ್ಟ ಎರಡಕ್ಷರದ ಅಂತರರಾಷ್ಟ್ರೀಯ ಸಂಕೇತ. ಚಿತ್ರದಿಂದ ಅಕ್ಷರ ಓದುವ ಟೆಸೆರಾಕ್ಟ್‌ನ ಕನ್ನಡ ಪ್ಯಾಕೇಜಿನಲ್ಲಿ 'ಕೆಎಎನ್', ಮೂರಕ್ಷರದ ಸಂಕೇತ. ಲೋಹಿತ್ ಎಂಬ ಅಕ್ಷರಶೈಲಿಯಲ್ಲಿ 'ಕೆಎನ್‌ಡಿಎ'. ಇದು ಭಾಷೆಯ ಸಂಕೇತವಲ್ಲ, ಲಿಪಿಯದು. ಅಕ್ಷರಶೈಲಿ ಸೇರುವುದು ಲಿಪಿಗೆ, ಭಾಷೆಗಲ್ಲ. ಅದೇ ಲಿಪಿಯಲ್ಲಿ ತುಳುವನ್ನೂ ಕೊಂಕಣಿಯನ್ನೂ ಬರೆಯುತ್ತಾರಲ್ಲ. ಮೂರು ಹೆಸರೂ ಸರಿ, ಮೂರನ್ನೂ ಒಟ್ಟಿಗೆ ಹುಡುಕಲು ಹೊರಟವರ ಪಾಡು ಮಾತ್ರ ಕಷ್ಟ.

ಹೆಸರನ್ನೇ ಕನ್ನಡ ಲಿಪಿಯಲ್ಲಿ ಬರೆದರೆ? ಇಂದಿನ ಕಂಪ್ಯೂಟರುಗಳಲ್ಲಿ ಅಡ್ಡಿಯಿಲ್ಲ. ಆದರೆ ಟಾರ್ ಚೀಟಿಯ ಆ 100 ಬೈಟು ನೆನಪಿದೆಯೇ? ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೇಕು. 'ಕರ್ನಾಟಕ' ಎಂಬುದರಲ್ಲಿ ಅರ್ಕಾವತ್ತು, ಇಳಿ ಎಲ್ಲ ಬಿಡಿಸಿದರೆ ಏಳು ಚಿಹ್ನೆ, 21 ಬೈಟು. ಹಳೆಯ ಚೀಟಿಯಲ್ಲಿ ಕನ್ನಡಕ್ಕೆ ಸಿಗುವುದು ದಾರಿ ಸಮೇತ 33 ಚಿಹ್ನೆಗಳ ಜಾಗ. ಮುಂದೆ ಬಂದ ಟಾರ್ ರೂಪಗಳು ಈ ಮಿತಿಯನ್ನು ಸಡಿಲಿಸಿದವು.

ಇದಕ್ಕಿಂತ ಸೂಕ್ಷ್ಮವಾದ ತೊಡಕು 'ಕೋಲಾರ'ದಲ್ಲಿದೆ. 'ಕೋ' ಎಂಬುದನ್ನು ಯುನಿಕೋಡ್ ಎರಡು ರೀತಿ ಬರೆಯಲು ಬಿಡುತ್ತದೆ. 'ಕ' ಮತ್ತು ಒಂದೇ ಚಿಹ್ನೆಯಾಗಿ ಓತ್ವ. ಅಥವಾ 'ಕ', ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಬಿಡಿಬಿಡಿಯಾಗಿ. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಬೈಟುಗಳಲ್ಲಿ ಮಾತ್ರ ಮೊದಲನೆಯ 'ಕೋಲಾರ' 15, ಎರಡನೆಯದು 21. ಆಪಲ್‌ನ ಹಳೆಯ ಕಡತವ್ಯವಸ್ಥೆ ಹೆಸರುಗಳನ್ನೆಲ್ಲ ಬಿಡಿಸಿದ ರೂಪಕ್ಕೆ ತಿರುಗಿಸಿ ಇಡುತ್ತಿತ್ತು, ಲಿನಕ್ಸ್ ಕೊಟ್ಟದ್ದನ್ನು ಕೊಟ್ಟ ಹಾಗೆ ಇಡುತ್ತದೆ. ಹಾಗಾಗಿ ಅಲ್ಲಿ ಕಟ್ಟಿದ ಗಂಟನ್ನು ಇಲ್ಲಿ ಬಿಚ್ಚಿದಾಗ ಒಂದೇ ಜಾಗದಲ್ಲಿ ಎರಡು ಕೋಲಾರಗಳು ಅಕ್ಕಪಕ್ಕ ಕೂರುವುದು ಸಾಧ್ಯ. ಶಾಲೆಯ 'ಬಿಡಿಸಿ ಬರೆಯಿರಿ' ಪ್ರಶ್ನೆಯನ್ನು ಯಂತ್ರ ಇಲ್ಲಿ ಪದದ ಮಟ್ಟದಿಂದ ಅಕ್ಷರದ ಮಟ್ಟಕ್ಕೆ ಇಳಿಸಿತು, ಅದೂ ಕೇಳದೆಯೇ.

ಡೆಬಿಯನ್ ಭಂಡಾರದಲ್ಲಿ ಮೂಲಪಠ್ಯಗಳನ್ನು ಮೊದಲಕ್ಷರದ ಡೈರೆಕ್ಟರಿಗಳಲ್ಲಿ ಹಂಚಿಟ್ಟಿರುತ್ತಾರೆ, ಗ್ರಂಥಾಲಯದ ಕಾರ್ಡುಗಳ ಡ್ರಾಯರುಗಳಂತೆ. ಒಂದೇ ಅಪವಾದ 'ಲಿಬ್' ಎಂದು ಶುರುವಾಗುವ ಹೆಸರುಗಳದು. ಲೈಬ್ರರಿ ತಂತ್ರಾಂಶಗಳು ಅಷ್ಟೊಂದು ಇರುವುದರಿಂದ ಎಲ್ಲವನ್ನೂ 'ಎಲ್' ಡ್ರಾಯರಿಗೆ ತುಂಬಿದರೆ ಅದು ಮುಚ್ಚಲಿಕ್ಕೇ ಬರುವುದಿಲ್ಲ. ಅವುಗಳಿಗೆ ಮಾತ್ರ 'ಲಿಬ್' ಜೊತೆಗೆ ಮುಂದಿನ ಅಕ್ಷರವನ್ನೂ ಸೇರಿಸಿ ಬೇರೆ ಬೇರೆ ಡ್ರಾಯರು. ಅಕ್ಷರಶೈಲಿಗಳು ಇರುವುದು 'ಎಫ್' ಡ್ರಾಯರಿನಲ್ಲಿ. ಮೊದಲು ಅವುಗಳ ಹೆಸರು 'ಟಿಟಿಎಫ್-' ಎಂದು ಶುರುವಾಗುತ್ತಿತ್ತು. ಅದು ಕಡತದ ರೂಪದ ಹೆಸರೇ ಹೊರತು ವಸ್ತುವಿನದಲ್ಲ ಎಂದು ಅರಿವಾಗಿ 'ಫಾಂಟ್ಸ್-' ಎಂದು ಬದಲಿಸಿದರು.

ಆ ಡ್ರಾಯರಿನಲ್ಲಿ ಕನ್ನಡದ ಇನ್ನೂ ಎರಡು ಅಕ್ಷರಶೈಲಿಗಳು ಸಿಗುತ್ತವೆ: 'ಫಾಂಟ್ಸ್-ಗುಬ್ಬಿ' ಮತ್ತು 'ಫಾಂಟ್ಸ್-ನವಿಲು'. ಭಂಡಾರವನ್ನು ಕಾಯುವ ಯಂತ್ರಕ್ಕೆ ಗುಬ್ಬಿ ಎಂದರೇನೆಂದು ಗೊತ್ತಿಲ್ಲ, ಸೂರಿನ ಸಂದಿಯಲ್ಲಿ ಗೂಡು ಕಟ್ಟುವ ಹಕ್ಕಿಯ ಹೆಸರೆಂದು ಯಾರೂ ಅದಕ್ಕೆ ಹೇಳಿಲ್ಲ. ಗೊತ್ತಿರಬೇಕಾದ್ದೂ ಇಲ್ಲ. ಅಡಿಗೆರೆಯ ಎಡಕ್ಕಿರುವುದು ಹೆಸರು, ಬಲಕ್ಕಿರುವುದು ಆವೃತ್ತಿ ಎಂಬಷ್ಟು ತಿಳಿದರೆ ಅದರ ಕೆಲಸ ಮುಗಿಯಿತು. ಗಂಟು ಬಿಚ್ಚಿದಾಗ ಗುಬ್ಬಿ ತನ್ನ ಗೂಡಿನಲ್ಲೇ ಇರುತ್ತದೆ.